ಅದರದೇ ಎಂಜಿನ್

"ಇಳಿಸು, ಇಳಿಸು... ಇನ್ನೊಂದು ಬೆರಳು... ಸಾಕು! ಸಾಕು ಅಂದ್ನಲ್ಲವ್ವಾ!"

ಸಾಫ್ತಾ ಸರಪಳಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು. ಕೊಟ್ಟಿಗೆಯ ತೊಲೆಗೆ ಕಟ್ಟಿದ ರಾಟೆಯಿಂದ ಎಂಜಿನ್ ಜೀಪಿನ ತೆರೆದ ಬಾಯಿಯೊಳಗೆ ಅರ್ಧ ಇಳಿದು ತೂಗುತ್ತಿತ್ತು. ಅವಳ ಮೈಮೇಲೆ ಸಾವಿನ ಮನೆಯ ಕಪ್ಪು ಉಡುಪು, ತಲೆಗೆ ಕಪ್ಪು ವಸ್ತ್ರ. ಕೈಗೆ ಮಾತ್ರ ಗಂಡನ ಎಣ್ಣೆ ಕುಡಿದ ಚರ್ಮದ ಗವಸು. ಜೀಪಿನಡಿ ಅಂಗಾತ ಮಲಗಿದ್ದ ಮಗಳು ರೊದಿಕಾಳ ಬೂಟುಗಳಷ್ಟೇ ಹೊರಗೆ ಕಾಣುತ್ತಿದ್ದವು. ಎದುರಿಗೆ ಮುದುಕ ಪಾಂದೆಲೆ ಎಂಜಿನ್ನನ್ನು ತಬ್ಬಿಕೊಂಡು ಗೇರುಪೆಟ್ಟಿಗೆಯ ಕಡೆಗೆ ಒಲಿಸುತ್ತಿದ್ದ. ಕಿಂಪುಲುಂಗಿನ ಜೀಪು ಕಾರ್ಖಾನೆಯಲ್ಲಿ ಸಾಫ್ತಾಳ ಗಂಡನ ಪಕ್ಕದ ಮೇಜಿನಲ್ಲೇ ಆಯುಷ್ಯ ಸವೆಸಿದವನು ಅವನು.

"ಬರ್ತಿದೆಯಾ?" ಸಾಫ್ತಾ ಕೇಳಿದಳು.

"ಮದುವಣಗಿತ್ತಿ ಥರ ಬರ್ತಿದೆ ಮಾರಾಯ್ತಿ. ಹೊಸ್ತಿಲ ತನಕ ಬಂದು ಒಳಗೆ ಕಾಲಿಡಲ್ಲ ಅಂತ ಹಟ."

"ಮಾವಾ, ಮಾತು ಕಡಿಮೆ ಮಾಡಿ ಎಡಕ್ಕೆ ನೂಕಿ," ಎಂದಿತು ಜೀಪಿನಡಿಯ ದನಿ.

ಅಂಗಳದಾಚೆ ಮನೆಯ ನಡುಕೋಣೆಯಲ್ಲಿ ಮೇಜಿನ ಮೇಲೆ ಸಾಫ್ತಾಳ ಗಂಡ ಇಲಾರಿಯೆ ಮಲಗಿದ್ದ. ಅವನು ಹೋಗಿ ಇದು ಮೂರನೆಯ ದಿನ. ಹೊಸ ಕೋಟು, ಎದೆಯ ಮೇಲೆ ಮಡಿಸಿದ ಕೈ, ತಲೆದೆಸೆಯಲ್ಲಿ ಉರಿಯುವ ಮೇಣದಬತ್ತಿ. ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿದ್ದರು. ಮಧ್ಯಾಹ್ನಕ್ಕೆ ಮಣ್ಣು.

ಕೊಟ್ಟಿಗೆಯ ಬಾಗಿಲಲ್ಲಿ ಜಾಂಫಿರಾ ಬಂದು ನಿಂತಳು. ಹಳ್ಳಿಯಲ್ಲಿ ಹುಟ್ಟಿದವರಿಗೂ ಸತ್ತವರಿಗೂ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವವಳು ಅವಳೇ.

"ಅಯ್ಯೋ ನನ್ ದೇವ್ರೇ! ಹೆಣ ಮನೇಲಿಟ್ಕೊಂಡು ಸೂಜಿಗೆ ದಾರ ಕೂಡ ಪೋಣಿಸಬಾರದು, ಕಸ ಗುಡಿಸಬಾರದು. ನೀವು ಸುತ್ತಿಗೆ ಹೊಡೀತಿದೀರಾ! ಪಾಪ, ಅವನ ಆತ್ಮ ಮನೆ ಮೂಲೇಲಿ ಕೂತು ಕಿವಿ ಮುಚ್ಕೊಂಡಿರುತ್ತೆ."

"ಮನೆ ಮೂಲೇಲಿ ಯಾಕಿರುತ್ತೆ ಅಕ್ಕಾ?" ಸಾಫ್ತಾ ತಿರುಗಿಯೂ ನೋಡಲಿಲ್ಲ. "ಇಲ್ಲೇ ತೊಲೆ ಮೇಲೆ ಕೂತಿದೆ. ಬೋಲ್ಟು ಸರಿಯಾಗಿ ಬಿಗೀತಾರೋ ಇಲ್ವೋ ಅಂತ ನೋಡ್ತಿದೆ."

"ಇದ್ದ ಎಂಜಿನ್ ಚೆನ್ನಾಗೇ ಓಡ್ತಿತ್ತಲ್ಲೇ!"

"ಓಡ್ತಿತ್ತು," ಎಂದು ರೊದಿಕಾ ಕೆಳಗಿನಿಂದಲೇ ದನಿಗೂಡಿಸಿದಳು. "ನಾನೂ ಅದನ್ನೇ ಬಡ್ಕೊಂಡೆ. ಕೇಳೋರ್ಯಾರು?"

ಇಷ್ಟು ವರ್ಷ ಜೀಪಿನಲ್ಲಿ ಓಡುತ್ತಿದ್ದ ಆ ಟ್ರ್ಯಾಕ್ಟರಿನ ಎಂಜಿನ್ ಈಗ ಗೋಡೆಯ ಬದಿಗೆ ಹಲಗೆಗಳ ಮೇಲೆ ಕೂತಿತ್ತು, ಜಗಳದಲ್ಲಿ ಸೋತ ನೆಂಟನ ಹಾಗೆ. ನಿನ್ನೆಯಿಡೀ ಅದನ್ನು ಬಿಚ್ಚಿ ಇಳಿಸುವುದರಲ್ಲೇ ಕಳೆದಿತ್ತು. ಸ್ಮಶಾನ ಇರುವುದು ಗುಡ್ಡದ ನೆತ್ತಿಯ ಮೇಲೆ. ಹಿಮ ಕರಗುವ ಈ ತಿಂಗಳಲ್ಲಿ ದಾರಿಯೆಲ್ಲ ಗಂಜಿ; ಪಟ್ಟಣದ ಶವದ ವ್ಯಾನು ಹಳ್ಳಿಯ ಮುಖವನ್ನೂ ನೋಡುವುದಿಲ್ಲ. ಇಷ್ಟು ಕಾಲ ಹಳ್ಳಿಯ ಹೆಣಗಳನ್ನೆಲ್ಲ ಮೇಲಕ್ಕೆ ಹೊತ್ತದ್ದು ಗ್ಲಿಗೊರನ ಕುದುರೆಗಾಡಿ. ಅವನ ಕುದುರೆ ಕ್ರಿಸ್‌ಮಸ್ ಕಳೆದ ಮೇಲೆ ಸತ್ತಿತ್ತು. ಹಾಗಾಗಿ ಇಲಾರಿಯೆ ತನ್ನ ಜೀಪಿನಲ್ಲೇ ಹೋಗಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಸಾಫ್ತಾ ಮೊದಲ ದಿನವೇ, ಕಣ್ಣೊರೆಸಿಕೊಂಡ ಕೈ ಒಣಗುವ ಮೊದಲೇ, ಹೇಳಿದ ಇನ್ನೊಂದು ಮಾತಿಗೆ.

"ಜೀಪನ್ನ ಗೋರಿ ಮೇಲೆ ದಾನ ಕೊಡ್ತೀನಿ. ಅದರದೇ ಎಂಜಿನ್ ಹಾಕಿ ಕೊಡ್ತೀನಿ."

ಗೋರಿಯ ಮೇಲೆ ಬದುಕಿದ್ದವರೊಬ್ಬರಿಗೆ ಕೈಯಿಂದ ಕೈಗೆ ದಾಟಿಸಿ ಏನು ಕೊಡುತ್ತಾರೋ ಅದೇ ಸತ್ತವನಿಗೆ ಆಚೆ ಲೋಕದಲ್ಲಿ ಸಿಗುತ್ತದೆ. ಹೇಗೆ ಕೊಟ್ಟರೋ ಹಾಗೇ ಸಿಗುತ್ತದೆ. ಇದನ್ನು ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜಾಂಫಿರಾಳ ಮೈದುನನ ಹೆಸರಿನಲ್ಲಿ ಅಳತೆ ನೋಡದೆ ಬಿಗಿ ಬೂಟು ಕೊಟ್ಟಿದ್ದರು. ಅವನು ವರ್ಷವಿಡೀ ಹೆಂಡತಿಯ ಕನಸಿನಲ್ಲಿ ಕುಂಟುತ್ತಾ ಬಂದ. ಕೊನೆಗೆ ದೊಡ್ಡ ಅಳತೆಯ ಬೂಟು ಕೊಟ್ಟ ಮೇಲೆಯೇ ಕುಂಟು ನಿಂತದ್ದು.

"ಕೂತ್ಕೊಂತು!" ಪಾಂದೆಲೆ ಕೂಗಿದ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಸೇರಿದ ಸದ್ದಾಯಿತು, ಹಳೆಯ ಬೀಗಕ್ಕೆ ಅದರದೇ ಕೀಲಿ ಬಿದ್ದ ಹಾಗೆ.

*

ಅದೇ ಎಂಜಿನ್ ಜೀಪಿನಿಂದ ಹೊರಗೆ ಬಂದ ಚಳಿಗಾಲದಲ್ಲಿ ರೊದಿಕಾಗೆ ಆರು ವರ್ಷ. ಪೆಟ್ರೋಲಿಗೆ ಕೂಪನ್ ಇದ್ದ ಕಾಲ. ಅರಣ್ಯದವರು ಗುಜರಿಗೆ ಹಾಕಿದ್ದ ಜೀಪನ್ನು ಇಲಾರಿಯೆ ತಂದು ಸರಿಮಾಡಿ ಎರಡು ವರ್ಷವಾಗಿತ್ತು. "ಈ ಎಂಜಿನ್ನು ನನ್ನ ಮೇಜಿನ ಮೇಲೇ ಹುಟ್ಟಿದ್ದಿರಬೇಕು. ದನಿ ಕೇಳಿದ್ರೆ ಗೊತ್ತಾಗುತ್ತೆ," ಎನ್ನುತ್ತಿದ್ದ. ಕಾರ್ಖಾನೆಯಲ್ಲಿ ಸಾವಿರಾರು ಎಂಜಿನ್ ಜೋಡಿಸಿದವನಿಗೆ ಒಂದರ ದನಿ ಹೇಗೆ ಗೊತ್ತಾಗುತ್ತದೆಂದು ಸಾಫ್ತಾ ಕೇಳಲಿಲ್ಲ. ದನಿ ಇಂಪಾಗಿತ್ತು, ಅಷ್ಟು ಸಾಕಿತ್ತು.

ಮಗುವಿಗೆ ಹೊಟ್ಟೆನೋವು ಬಂದದ್ದು ಒಂದು ಸಂಜೆ. ಆಸ್ಪತ್ರೆಯ ಅರ್ಧ ದಾರಿಯಲ್ಲಿ ಪೆಟ್ರೋಲು ಮುಗಿಯಿತು. ಇಲಾರಿಯೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದಲ್ಲಿ ನಡೆದ. ಸಾಫ್ತಾ ಹಿಂದೆ ಓಡಿದಳು. ಕೊನೆಗೊಂದು ಮರದ ಲಾರಿ ಸಿಕ್ಕಿತು. ಮಗು ಉಳಿಯಿತು. ಮನೆಗೆ ತಂದ ಜೀಪನ್ನು ಇಲಾರಿಯೆ ಎರಡು ದಿನ ಮುಟ್ಟಲಿಲ್ಲ.

ಮೂರನೆಯ ದಿನ ಪಾಂದೆಲೆ ಗಾಡಿಯಲ್ಲಿ ಹುಲ್ಲಿನಡಿ ಮುಚ್ಚಿ ಏನನ್ನೋ ತಂದ. ಸಾಮೂಹಿಕ ಬೇಸಾಯದ ಹೊಲದಿಂದ ಹೇಗೋ ಹೊರಟ ಟ್ರ್ಯಾಕ್ಟರಿನ ಎಂಜಿನ್.

"ಇದು ಡೀಸೆಲ್ ಕುಡಿಯುತ್ತೆ," ಎಂದ. "ಒಂದು ಬಾಟ್ಲಿ ಪ್ಲಮ್ ಸಾರಾಯಿ ಕೊಟ್ರೆ ಯಾವ ಟ್ರ್ಯಾಕ್ಟರಿನವನಾದ್ರೂ ಡಬ್ಬಿ ತುಂಬಾ ಡೀಸೆಲ್ ಕೊಡ್ತಾನೆ. ಇನ್ಮೇಲೆ ನಡುದಾರೀಲಿ ನಿಲ್ಲಲ್ಲ."

ಇಲಾರಿಯೆ ಅದನ್ನು ಸುತ್ತಲೂ ನೋಡಿದ. "ಮೂರು ಸಿಲಿಂಡರು. ಕುಂಟೆತ್ತು ನಡೆದಂಗೆ ನಡೆಯುತ್ತೆ."

"ನಡೆದ್ರೆ ಸಾಕು," ಎಂದಳು ಸಾಫ್ತಾ. "ಎಂಜಿನ್ ಅಂದ್ರೆ ಎಂಜಿನ್ನೇ."

ಅವನು ಅವಳ ಮುಖ ನೋಡಿದ, ಮಲಗಿದ್ದ ಮಗುವಿನ ಕಡೆ ನೋಡಿದ, ಸ್ಪ್ಯಾನರು ತೆಗೆದುಕೊಂಡ. ವಾರದಲ್ಲಿ ಎಂಜಿನ್ ಬದಲಾಯಿತು. ಬಿಚ್ಚಿದ್ದನ್ನು ತೊಳೆದು, ಎಣ್ಣೆ ಬಳಿದು, ಅವನು ಸುತ್ತಿಟ್ಟದ್ದು ಮಾತ್ರ ಸಾಫ್ತಾಳ ತವರಿನ ಉಣ್ಣೆಯ ಕಂಬಳಿಯಲ್ಲಿ. ಅವಳು ಮನೆ ಹಾರಿಹೋಗುವಂತೆ ಕೂಗಾಡಿದಳು.

"ಇನ್ನೊಂದು ಕಂಬಳಿ ಇದೆಯಲ್ಲ," ಎಂದ ಅವನು.

"ಇದೆ! ಮೂರು ಜನಕ್ಕೆ ಒಂದು!"

"ಹತ್ತಿರ ಮಲಗೋಣ."

ಆ ಚಳಿಗಾಲ ಹತ್ತಿರವೇ ಮಲಗಿದರು.

ಟ್ರ್ಯಾಕ್ಟರಿನ ಎಂಜಿನ್ ಹಾಕಿದ ಜೀಪು ಬೀದಿಯ ತುದಿಗೆ ಬಂದರೆ ಗಡಿಗೆಯಲ್ಲಿ ಕೆನೆ ತಾನಾಗಿ ಬೆಣ್ಣೆಯಾಗುತ್ತದೆಂದು ಹಳ್ಳಿಯವರು ನಗುತ್ತಿದ್ದರು. ನಕ್ಕವರೆಲ್ಲ ಅದರಲ್ಲೇ ಕೂತು ಹೋದರು: ಹೆರಿಗೆಗೆ, ಹಲ್ಲು ಕೀಳಿಸಲು, ಹಿಟ್ಟಿನ ಗಿರಣಿಗೆ. ಗೇರು ಹಾಕಿದರೆ ಹಲ್ಲು ಕಟಕಟ, ಮಾತಾಡಿದರೆ ನಾಲಿಗೆ ಕಚ್ಚಿಕೊಳ್ಳುವುದು. ಇಲಾರಿಯೆ ಅದನ್ನು ಒಂದು ದಿನವೂ ಬೈಯಲಿಲ್ಲ. ಆದರೆ ಮನೆಯ ಮುಂದಿನ ಇಳಿಜಾರಿಗೆ ಬಂದಾಗೆಲ್ಲ ಎಂಜಿನ್ ಆರಿಸಿಬಿಡುತ್ತಿದ್ದ. ಜೀಪು ತನ್ನ ಭಾರಕ್ಕೆ ತಾನೇ ಜಾರುತ್ತಿತ್ತು. ಪಕ್ಕದ ಸೀಟಿನಲ್ಲಿ ಸಾಫ್ತಾ ಎದುರಿನ ಕಬ್ಬಿಣದ ಹಿಡಿಕೆಯನ್ನು ಹಿಡಿದು ಕೂತಿರುತ್ತಿದ್ದಳು.

"ಈಗ ಕೇಳು," ಎನ್ನುತ್ತಿದ್ದ ಅವನು.

ಕೇಳಲು ಏನೂ ಇರುತ್ತಿರಲಿಲ್ಲ. ಟೈರಿನ ಸದ್ದು, ಹಳ್ಳದ ಸದ್ದು. ಕೆಳಗೆ ತಲುಪಿದ ಮೇಲೆ ಮತ್ತೆ ಟ್ರ್ಯಾಕ್ಟರು.

*

ಪಾಂದೆಲೆ ಕಾರ್ಬುರೇಟರಿಗೆ ಒಂದು ಗುಟುಕು ಪೆಟ್ರೋಲು ಹೊಯ್ದ. ಡೀಸೆಲ್ ವಾಸನೆ ಹೋಗುವವರೆಗೆ ಟ್ಯಾಂಕನ್ನು ತೊಳೆದು, ತಂದಿದ್ದ ಪೆಟ್ರೋಲನ್ನು ಅದಕ್ಕೆ ಹಾಕಿಯಾಗಿತ್ತು. ರೊದಿಕಾ ಒಳಗೆ ಕೂತಳು. ಪಿತೆಷ್ತಿಯ ಬಸ್ ಡಿಪೋದಲ್ಲಿ ಅವಳು ಮೆಕ್ಯಾನಿಕ್. ದಿನಕ್ಕೆ ಹತ್ತು ಎಂಜಿನ್ ಚಾಲೂ ಮಾಡುವ ಕೈ. ಈಗ ಕೀಲಿ ಹಾಕಿ ಅವಳು ತಾಯಿಯ ಕಡೆ ತಿರುಗಿದಳು.

"ಅವ್ವಾ, ಆಗ್ಲಿಲ್ಲ ಅಂದ್ರೆ?"

"ಆಗುತ್ತೆ."

"ಮತ್ತೆ ಜೋಡಿಸಿದ ಮೇಲೆ ಅಪ್ಪ ಇದನ್ನ ಒಂದು ಸಲವೂ ಓಡ್ಸಿ ನೋಡಿಲ್ಲ."

"ನೋಡೋಕೆ ನಾವಿದೀವಲ್ಲ. ತಿರುಗಿಸು."

ಎಂಜಿನ್ ಒಮ್ಮೆ ಕೆಮ್ಮಿತು, ಸೀನಿತು, ಸುಮ್ಮನಾಯಿತು. ಎರಡನೆಯ ಸಲಕ್ಕೆ ಹಿಡಿದುಕೊಂಡಿತು.

ಹೊಲಿಗೆ ಯಂತ್ರದ ಸದ್ದು. ಅದಕ್ಕಿಂತ ಮೆತ್ತಗೆ. ಮನೆಯೊಳಗೆ ಹಾಡಿಕೊಂಡು ಅಳುತ್ತಿದ್ದ ಹೆಂಗಸರು ನಿಲ್ಲಿಸಿ ಕಿಟಕಿಗೆ ಬಂದರು. ಪಾಂದೆಲೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ನಡುಕೋಣೆಯ ಹೆಣಕ್ಕೂ ಅವನು ಹಾಗೆ ಮಾಡಿರಲಿಲ್ಲ.

"ಇದೇನೇ, ಸದ್ದೇ ಇಲ್ಲ!" ಜಾಂಫಿರಾ ಶಿಲುಬೆಯ ಗುರುತು ಮಾಡಿಕೊಂಡಳು.

"ಅದಕ್ಕೇ ಅಕ್ಕಾ," ಎಂದಳು ಸಾಫ್ತಾ.

ಶವಪೆಟ್ಟಿಗೆ ಹಿಂಭಾಗದಲ್ಲಿ ಹಿಡಿಸಲಿಲ್ಲ. ಮೇಲಿನ ಬಟ್ಟೆ ತೆಗೆದರೂ, ಹಿಂಬಾಗಿಲು ಇಳಿಸಿದರೂ ಒಂದು ಮೊಳ ಉಳಿಯಿತು. ಪಕ್ಕದ ಸೀಟು ತೆಗೆದರೆ ಮಾತ್ರ ಪೆಟ್ಟಿಗೆ ಡ್ರೈವರಿನ ಮಗ್ಗುಲಿಗೆ ಉದ್ದಕ್ಕೂ ಕೂರುತ್ತಿತ್ತು. ರೊದಿಕಾ ಸ್ಪ್ಯಾನರು ಹಿಡಿದು ತಾಯಿಯ ಮುಖ ನೋಡಿದಳು.

"ಕೊಡಿಲ್ಲಿ," ಎಂದು ಸಾಫ್ತಾ ತಾನೇ ಮಂಡಿಯೂರಿದಳು. ನಾಲ್ಕು ಬೋಲ್ಟು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಹಟ ಮಾಡಿತು. ಅವಳದನ್ನು ಬೈದಳು, ಎಣ್ಣೆ ಬಿಟ್ಟಳು, ಮತ್ತೆ ಬೈದಳು. ಸೀಟನ್ನು ಹೊತ್ತು ಪ್ಲಮ್ ಮರದ ಕೆಳಗಿಟ್ಟು ಬರುವಾಗ ಜೀಪಿನ ಹಿಂದೆ ಗ್ಲಿಗೊರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳನ್ನು ಕಂಡು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಶಿಲುಬೆಯ ಗುರುತು ಮಾಡಿಕೊಂಡ. ಕುದುರೆ ಹೋದ ಮೇಲೆ ಅವನು ಎಲ್ಲಿ ನಿಲ್ಲಬೇಕೆಂದು ತಿಳಿಯದವನಂತೆ ಎಲ್ಲೆಂದರಲ್ಲಿ ನಿಲ್ಲುತ್ತಿದ್ದ. ಸಾಫ್ತಾ ಅವನ ಭುಜ ತಟ್ಟಿ ಮುಂದೆ ಹೋದಳು.

ಪಾದ್ರಿ ಯುಸ್ತಿನ್ ಬಂದರು. ಈ ಹಳ್ಳಿಗೆ ಹೊಸಬರು, ಗಡ್ಡವೂ ಹೊಸದು. "ಎಂಜಿನ್ ಸದ್ದಲ್ಲಿ ಪ್ರಾರ್ಥನೆ ಕೇಳಿಸುತ್ತಾ?" ಎಂದು ಅನುಮಾನಿಸಿದರು.

"ಸ್ವಾಮಿ, ಈ ಎಂಜಿನ್ ಸದ್ದಲ್ಲಿ ನೀವು ಮನಸ್ಸಲ್ಲಿ ಅಂದ್ಕೊಂಡಿದ್ದೂ ಕೇಳಿಸುತ್ತೆ," ಎಂದ ಪಾಂದೆಲೆ. "ಹುಷಾರಾಗಿ ಅಂದ್ಕೊಳ್ಳಿ."

*

ಕಾರ್ಖಾನೆ ಮುಚ್ಚಿದ ವರ್ಷ ಇಲಾರಿಯೆ ಕಂಬಳಿ ಬಿಚ್ಚಿದ. ಉಣ್ಣೆಯನ್ನು ನುಸಿ ತಿಂದಿತ್ತು, ಒಳಗೊಂದು ಇಲಿ ಸಂಸಾರ ಹೂಡಿತ್ತು. ಸಾಫ್ತಾ ಕಂಬಳಿಯ ಚೂರು ಹಿಡಿದು ಅತ್ತಳು. ಅವನು ಪಿಸ್ಟನ್ ಹಿಡಿದು ಅಳಲಿಲ್ಲ, ಅಷ್ಟೇ.

ಆಮೇಲೆ ವರ್ಷಗಟ್ಟಲೆ ಅದೇ ಕೆಲಸ. ಹುಲ್ಲು ಕೊಯ್ಯುವ, ಹಾಲು ಕರೆಯುವ, ಹಳ್ಳಿಯವರ ಗರಗಸ ರಿಪೇರಿ ಮಾಡುವ ನಡುವೆ ಒಂದೊಂದೇ ಭಾಗ. ವಾಲ್ವು ಉಜ್ಜಿದ, ರಿಂಗು ಬದಲಿಸಿದ, ಗುಜರಿ ಸುತ್ತಿ ಕಾರ್ಬುರೇಟರು ತಂದ. ಭಾನುವಾರ ಪಾಂದೆಲೆ ಬಂದು ಅದು ತಪ್ಪು ಎನ್ನುತ್ತಿದ್ದ. ಇಬ್ಬರೂ ಸಂಜೆಯವರೆಗೆ ಜಗಳವಾಡಿ ಸಾರಾಯಿ ಕುಡಿದು ಬೇರೆಯಾಗುತ್ತಿದ್ದರು.

"ಇರೋದು ಓಡ್ತಿರೋವಾಗ ಇದ್ಯಾಕೆ?" ಒಮ್ಮೆ ಸಾಫ್ತಾ ಕೇಳಿದಳು.

"ನಾನು ಸತ್ರೆ ನೀನು ಜೀಪನ್ನ ಗೋರಿ ಮೇಲೆ ದಾನ ಮಾಡ್ತೀಯಲ್ಲ?"

"ಮಾಡ್ತೀನಿ. ನಾನೇನು ಹಾಲು ಕರೆಯೋಕೆ ಓಡಿಸಿಕೊಂಡು ಹೋಗಲಾ?"

"ಟ್ರ್ಯಾಕ್ಟರ್ ಎಂಜಿನ್ ಜೊತೆ ಕೊಟ್ಟುಬಿಟ್ರೆ? ಕೊನೇ ನ್ಯಾಯದ ದಿನದ ತನಕ ಅದೇ ಸದ್ದು. ದೇವದೂತರು ಪಕ್ಕದ ಬೀದಿಗೆ ಮನೆ ಬದಲಾಯಿಸ್ತಾರೆ." ನಗುತ್ತಲೇ ಹೇಳಿದ. ಆದರೆ ವಾಲ್ವು ಉಜ್ಜುವ ಕೈ ನಿಲ್ಲಲಿಲ್ಲ.

ಹೋದ ವಾರ ಎಂಜಿನ್ ಮುಗಿಯಿತು. ಬಣ್ಣವನ್ನೂ ಹಚ್ಚಿದ. "ಕೆಸರು ಒಣಗ್ಲಿ, ಈಸ್ಟರ್‌ಗೆ ಮುಂಚೆ ಕೂರಿಸೋಣ," ಎಂದ. ಮಂಗಳವಾರ ಬೆಳಗ್ಗೆ ಹಾಲು ಕರೆದು ಒಳಗೆ ಬಂದ ಸಾಫ್ತಾಗೆ ಅವನು ಮೇಜಿನ ಮೇಲೆ ತಲೆಯಿಟ್ಟಿರುವುದು ಕಂಡಿತು. ಚಹಾ ಮಾಡಿ ಎಬ್ಬಿಸೋಣವೆಂದು ಒಲೆಯ ಮೇಲೆ ನೀರಿಟ್ಟಳು.

*

ಮೆರವಣಿಗೆ ಹೊರಟಿತು. ಮುಂದೆ ಶಿಲುಬೆ, ಧೂಪ ಹಿಡಿದ ಪಾದ್ರಿ, ಹಿಂದೆ ರೊದಿಕಾ ಓಡಿಸುವ ಜೀಪು, ಅದರ ಹಿಂದೆ ಮೇಣದಬತ್ತಿ ಹಿಡಿದ ಹಳ್ಳಿ. ಆಚೆ ಲೋಕದ ದಾರಿಯಲ್ಲಿ ಸುಂಕದ ಕಟ್ಟೆಗಳಿವೆ. ಹಾಗಾಗಿ ಈ ಲೋಕದಲ್ಲೂ ಪ್ರತಿ ಸೇತುವೆ, ಪ್ರತಿ ಕವಲಿನಲ್ಲಿ ನಿಂತು, ಬಟ್ಟೆ ಹಾಸಿ, ಕಾಸಿಟ್ಟು, ಪ್ರಾರ್ಥಿಸಿಯೇ ಮುಂದೆ ಹೋಗಬೇಕು. ಒಮ್ಮೆ ಹೊರಟ ಹೆಣ ಮಾತ್ರ ಹಿಂದಕ್ಕೆ ತಿರುಗುವಂತಿಲ್ಲ.

ಸೇತುವೆಯ ಮೇಲೆ ನಿಂತರು. ಪಾದ್ರಿ ಬಾಯಿ ತೆರೆದರು. ಎಂಜಿನ್ ಒಂದು ಸಲ ತಡವರಿಸಿತು. ಆಮೇಲೆ ಹಿಂದಿನಿಂದ ಬಿಳಿ ಹೊಗೆ ದಟ್ಟವಾಗಿ ಎದ್ದಿತು, ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಟಕಟಕ ಎಂದಿತು, ನಿಂತುಹೋಯಿತು.

ಹಳ್ಳದ ಸದ್ದು ಕೇಳಿಸಿತು. ರೊದಿಕಾ ಮತ್ತೆ ಮತ್ತೆ ಕೀಲಿ ತಿರುಗಿಸಿದಳು. ಬರೀ ನರಳಾಟ.

"ಹೇಳ್ಲಿಲ್ವಾ ನಾನು?" ಜಾಂಫಿರಾ ಪಿಸುಗುಟ್ಟಿದಳು, ಅವಳ ಪಿಸುಮಾತು ಗುಡ್ಡಕ್ಕೆ ಕೇಳಿಸುತ್ತದೆ. "ಸುತ್ತಿಗೆ ಹೊಡೀಬೇಡಿ ಅಂದೆ."

ಗುಂಪಿನಲ್ಲಿ ಯಾರೋ ಕೆಳಗಿನ ಕೇರಿಯಿಂದ ಟ್ರ್ಯಾಕ್ಟರು ತರಿಸಿ ಎಳೆಸೋಣವೆಂದರು. ಒಬ್ಬ ಫೋನನ್ನೂ ತೆಗೆದ.

"ಟ್ರ್ಯಾಕ್ಟರ್ ಬೇಡ," ಎಂದಳು ಸಾಫ್ತಾ.

"ಅವ್ವಾ, ಹಟಕ್ಕೂ ಒಂದು ಮಿತಿ ಇದೆ!" ರೊದಿಕಾ ಕೆಳಗೆ ಹಾರಿದಳು. "ಹಿಂದಕ್ಕೆ ಹೋಗಂಗಿಲ್ಲ, ಮುಂದಕ್ಕೆ ಇದು ಹೋಗಲ್ಲ. ಅಪ್ಪನ್ನ ಸೇತುವೆ ಮೇಲೆ ಬಿಟ್ಟು ರಿಪೇರಿ ಮಾಡ್ತಾ ಕೂತ್ಕೊಳ್ಳೋದಾ? ಊರು ಏನನ್ನುತ್ತೆ?"

"ಊರು ಏನಾದ್ರೂ ಅನ್ಲಿ. ನಿಮ್ಮಪ್ಪ ಇಷ್ಟು ವರ್ಷ ಟ್ರ್ಯಾಕ್ಟರ್ ಸದ್ದು ಕೇಳಿದ್ದು ಯಾರಿಗೋಸ್ಕರ? ಹೊಟ್ಟೆನೋವು ಬಂದಿದ್ದು ಯಾರಿಗೆ?"

ರೊದಿಕಾ ಪೆಟ್ಟಿಗೆಯ ಕಡೆ ತಿರುಗಿದಳು.

"ಇವತ್ತೊಂದು ದಿನ ಅವನ ಮುಂದೆ ಆ ಸದ್ದು ಬೇಡ," ಎಂದಳು ಸಾಫ್ತಾ. ದನಿ ಏರಲಿಲ್ಲ. "ನೀನು ಮೆಕ್ಯಾನಿಕ್. ನೋಡು."

ರೊದಿಕಾ ಕೋಟು ಕಳಚಿ ಸೇತುವೆಯ ಕಟಕಟೆಗೆ ಹಾಕಿದಳು. ಬಾನೆಟ್ಟನ್ನು ಪೂರ್ತಿ ಬಿಚ್ಚಿ ಕೆಳಗಿಟ್ಟಳು. ಪೆಟ್ರೋಲಿನ ಕೊಳವೆ ಕಿತ್ತು ಬೆರಳಿಗೆ ಹನಿ ತಾಕಿಸಿ ಮೂಸಿದಳು. ಪಾಂದೆಲೆಯ ಮೂಗಿಗೆ ಹಿಡಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಡೀಸೆಲ್," ಎಂದ ಪಾಂದೆಲೆ. "ಟ್ಯಾಂಕನ್ನ ನಾನೇ ತೊಳೆದಿದೀನಿ, ಬೇಕಾದ್ರೆ ಅದರಲ್ಲಿ ಪಾಯಸ ಮಾಡಬಹುದಿತ್ತು! ಯಾವ ಪುಣ್ಯಾತ್ಮ ಇದರಲ್ಲಿ ಡೀಸೆಲ್ ಹೊಯ್ದಿದ್ದು?"

ಗುಂಪಿನ ಹಿಂದಿನಿಂದ ಟೋಪಿ ಹಿಡಿದ ಕೈಯೊಂದು ಮೇಲೆದ್ದಿತು.

"ನಾನು," ಎಂದ ಗ್ಲಿಗೊರ. "ಎಲ್ರೂ ಹೂವು ತಂದಿದ್ರು. ನನ್ನ ಹತ್ರ ಏನಿತ್ತು? ಒಂದು ಡಬ್ಬಿ ಡೀಸೆಲ್ ಇತ್ತು. ಇಲಾರಿಯಣ್ಣನ ಜೀಪು ಡೀಸೆಲ್ ಕುಡಿಯೋದು ಊರಿಗೇ ಗೊತ್ತು. ದಾರಿ ದೂರ ಇದೆ, ದಾರಿಗಿರಲಿ ಅಂತ ಹಾಕ್ದೆ."

ಯಾರಿಗೂ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಪಾದ್ರಿ ಗಡ್ಡದೊಳಗೆ ಏನನ್ನೋ ನುಂಗಿಕೊಂಡರು. ಸಾಫ್ತಾ ಗ್ಲಿಗೊರನನ್ನು ಬಹಳ ಹೊತ್ತು ನೋಡಿದಳು. ಜೀಪು ಯಾರ ಕೈಗೆ ಎಂದು ಅವಳು ಎರಡು ದಿನದಿಂದ ತೂಗಿ ನೋಡುತ್ತಿದ್ದದ್ದು ಆ ಗಳಿಗೆಯಲ್ಲಿ ಒಂದು ಕಡೆಗೆ ವಾಲಿ ನಿಂತಿತು.

"ಟ್ಯಾಂಕು ಬಿಡಿ," ಎಂದಳು ರೊದಿಕಾ. "ಒಂದು ಡಬ್ಬಿ ಪೆಟ್ರೋಲು ಸಿಕ್ರೆ ಮೇಲಿಂದ ಕೊಳವೇಲಿ ನೇರ ಬಿಡಬಹುದು. ಆಸ್ಪತ್ರೇಲಿ ಬಾಟ್ಲಿ ಹಾಕಲ್ವಾ, ಹಂಗೆ. ಆದ್ರೆ ಪೆಟ್ರೋಲೆಲ್ಲಿ?"

ತಂದದ್ದೆಲ್ಲ ಟ್ಯಾಂಕಿಗೇ ಹೋಗಿತ್ತು. ಆಮೇಲೆ ಜಾಂಫಿರಾ, ಕೇಳಬಾರದ್ದನ್ನು ಯಾರೋ ಕೇಳಿದ ಹಾಗೆ ಮುಖ ಗಂಟಿಕ್ಕಿಕೊಂಡು, ಸೇತುವೆಯ ಬದಿಯ ತನ್ನ ಮನೆಯ ಕಡೆ ನಡೆದಳು. ಬರುವಾಗ ಕೈಯಲ್ಲಿ ಕೆಂಪು ಡಬ್ಬಿ.

"ನನ್ನ ಮಗ ಮರ ಕೊಯ್ಯೋ ಗರಗಸಕ್ಕೆ ಇಟ್ಟಿದ್ದು. ಎಣ್ಣೆ ಬೆರೆಸಿದೆ, ಹೊಗೆ ಬರುತ್ತೆ ಅಂತ ಆಮೇಲೆ ನನ್ನ ಬೈಬೇಡಿ."

"ಅಕ್ಕಾ, ಇವತ್ತು ಯಾರೂ ಕೆಲಸ ಮಾಡಬಾರದಲ್ವಾ?" ಪಾಂದೆಲೆ ಕೆಣಕಿದ.

"ಬಾಯಿ ಮುಚ್ಚಿ ಹಿಡ್ಕೊಳೋ ಮುದಿಯಾ."

ಕಾರ್ಬುರೇಟರು ಬರಿದು ಮಾಡಿದರು. ಪ್ಲಗ್ಗುಗಳನ್ನು ಬಿಚ್ಚಿ ಸಾಫ್ತಾಳ ಕೈಗೆ ಕೊಟ್ಟರು. ಅವಳು ಒಂದೊಂದನ್ನೂ ತನ್ನ ಕಪ್ಪು ವಸ್ತ್ರದ ಅಂಚಿನಲ್ಲಿ ಒರೆಸಿ ವಾಪಸು ಕೊಟ್ಟಳು. ಮಡ್‌ಗಾರ್ಡಿನ ಮೇಲೆ ಡಬ್ಬಿಯನ್ನು ಎತ್ತಿ ಹಿಡಿದು ಕೂರಲು ಒಬ್ಬ ಬೇಕಾಗಿತ್ತು. ಎಲ್ಲರೂ ಗ್ಲಿಗೊರನನ್ನು ನೋಡಿದರು. ಅವನು ಆಗಲೇ ಹತ್ತಿ ಕೂತಿದ್ದ.

ಎಂಜಿನ್ ಕೆಮ್ಮಿ, ಉಗುಳಿ, ಮತ್ತೆ ತನ್ನ ದನಿಗೆ ಬಂತು.

"ಮೇಣದಬತ್ತಿ ಹಿಂದ್ಹಿಂದೆ!" ಪಾಂದೆಲೆ ಕೂಗಿದ. "ಸ್ವಾಮಿ, ನಿಮ್ಮ ಧೂಪ ನೂರು ಹೆಜ್ಜೆ ಮುಂದೆ! ಇಲ್ಲಾಂದ್ರೆ ಇಲಾರಿಯೆ ಒಬ್ನೇ ಅಲ್ಲ, ನಾವೆಲ್ಲ ಒಟ್ಟಿಗೆ ಹೋಗ್ತೀವಿ!"

ಪಾದ್ರಿ ನಿಲುವಂಗಿ ಎತ್ತಿಕೊಂಡು ಓಡಿದರು. ಹಳ್ಳಿಯ ಇತಿಹಾಸದಲ್ಲಿ ಹೆಣದ ಮುಂದೆ ಪಾದ್ರಿ ಓಡಿದ್ದು ಅದೇ ಮೊದಲು.

ಏರು ಶುರುವಾಯಿತು. ಕೆಸರಿನಲ್ಲಿ ನಾಲ್ಕೂ ಚಕ್ರ ಕಚ್ಚಿ ಕಚ್ಚಿ ಹತ್ತಿದವು. ಗರಗಸದ ಎಣ್ಣೆಯ ನೀಲಿ ಹೊಗೆ, ಕೊಯ್ದ ಮರದ ವಾಸನೆ. ಗ್ಲಿಗೊರ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಕುದುರೆಗೆ ಹೇಳುವಂತೆ "ಹಾಂ ಮಗಳೇ, ಹಾಂ, ಇನ್ನೊಂಚೂರು" ಎನ್ನುತ್ತಿದ್ದ. ಕವಲು ಬಂದಾಗ ನಿಂತರು; ಎಂಜಿನ್ ಆರಿಸಲಿಲ್ಲ. ಪಾದ್ರಿ ದೂರದಿಂದ ಓದಿದ್ದು ಒಂದಕ್ಷರ ಬಿಡದೆ ಕೇಳಿಸಿತು. ಕೊನೆಯ ತಿರುವಿನಲ್ಲಿ ಹಿಂದಿನ ಚಕ್ರಗಳು ಜಾರಿ ಪೆಟ್ಟಿಗೆ ಅಲುಗಿದಾಗ ಸಾಫ್ತಾ ಹಿಂಬದಿಗೆ ಭುಜ ಕೊಟ್ಟಳು. ಅವಳ ಹಿಂದೆ ಪಾಂದೆಲೆ, ಅವನ ಹಿಂದೆ ಜಾಂಫಿರಾ, ಆಮೇಲೆ ಊರು. ಮೊಣಕಾಲವರೆಗೆ ಕೆಸರು ಮಾಡಿಕೊಂಡು ನೆತ್ತಿ ತಲುಪಿದರು.

ಪೆಟ್ಟಿಗೆ ಕೆಳಗಿಳಿಯಿತು. ಗೋರಿಯ ಈ ಬದಿಯಿಂದ ಆ ಬದಿಗೆ ಒಂದು ಹುಂಜ ಕೈಯಿಂದ ಕೈಗೆ ದಾಟಿತು, ಆಚೆ ಲೋಕದಲ್ಲಿ ಬೆಳಗಾಗುವುದನ್ನು ಹೇಳಲು. ನೀರಿನ ಬಕೆಟ್ಟು ದಾಟಿತು, ರೊಟ್ಟಿ ದಾಟಿತು. ಸಾಫ್ತಾ ಬಾಗಿಲ ಕಡೆ ತಿರುಗಿ ನೋಡಿದಳು. ಸ್ಮಶಾನದ ಗೇಟಿನಲ್ಲಿ ಜೀಪು ಇನ್ನೂ ಮೆತ್ತಗೆ ಹೊಲಿಯುತ್ತಾ ನಿಂತಿತ್ತು. ಪಾಂದೆಲೆ ಡಬ್ಬಿ ಹಿಡಿದಿದ್ದ.

"ಆರಿಸಬೇಡ," ಎಂದು ಕೂಗಿದಳು. "ಹೆಂಗೆ ಕೊಡ್ತೀವೋ ಹಂಗೇ ಹೋಗುತ್ತೆ!"

ಎಂಜಿನ್ನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲನ್ನು ಅವಳು ಚೀಲದಿಂದ ತೆಗೆದಳು. ಅದಕ್ಕೊಂದು ಹೊಸ ಟವೆಲು ಕಟ್ಟಿತ್ತು, ಒಂದು ಮೇಣದಬತ್ತಿ. ಗೋರಿಯ ಮೇಲೆ ಕೈ ಚಾಚಿದಳು.

"ಗ್ಲಿಗೊರ, ಬಾ. ಇಲಾರಿಯೆ ಹೆಸರಲ್ಲಿ ತಗೋ."

ಗ್ಲಿಗೊರ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. "ನಂಗಾ? ಡೀಸೆಲ್ ಹೊಯ್ದವನಿಗಾ?"

"ಇನ್ಮೇಲೆ ಹೊಯ್ಯಬೇಡ. ಈ ಊರಿನ ಹೆಣಗಳನ್ನ ಮೇಲಕ್ಕೆ ತರೋನು ನೀನು. ನಿನ್ನ ಕೈ ಬರಿದಾದ್ರೆ ಹೆಂಗೆ?"

"ಇದರ ಲಗಾಮು ಎಲ್ಲಿದೆ ಅಂತಾನೂ ಗೊತ್ತಿಲ್ವಲ್ಲಕ್ಕಾ."

"ನಾನು ತೋರಿಸ್ತೀನಿ," ಎಂದಳು ರೊದಿಕಾ. ಅವಳ ಕೆನ್ನೆಯ ಮೇಲೆ ಎಣ್ಣೆಯ ಗೆರೆ, ಅದರ ಮೇಲೆ ನೀರಿನ ಗೆರೆ. "ತಗೊಳ್ಳಿ ಮಾವಾ. ಅವ್ವನ ತೋಳು ಸೋಲುತ್ತೆ."

ಗ್ಲಿಗೊರ ಎರಡೂ ಕೈಯಲ್ಲಿ ಹ್ಯಾಂಡಲನ್ನು ತೆಗೆದುಕೊಂಡ. "ದೇವರು ಅವನನ್ನ ಮನ್ನಿಸಲಿ," ಎಂದ. ಹಾಗೆ ಹೇಳಿದರೆ ಕೊಟ್ಟದ್ದು ತಲುಪಿದಂತೆ.

*

ಊಟ ಮುಗಿದಾಗ ಬಿಸಿಲು ಇಳಿದಿತ್ತು. ಅಂಗಳದ ಮೇಜುಗಳ ಮೇಲೆ ಎಲೆಕೋಸಿನ ಸುರುಳಿಗಳ ತಟ್ಟೆ, ಸಕ್ಕರೆ ಅಕ್ರೋಟು ಕಲೆಸಿದ ಗೋಧಿಯ ಬಟ್ಟಲು ಖಾಲಿಯಾಗಿದ್ದವು. ಪಾಂದೆಲೆ ಟ್ಯಾಂಕು ಬರಿದು ಮಾಡಿ ಪಟ್ಟಣದಿಂದ ತರಿಸಿದ ಹೊಸ ಪೆಟ್ರೋಲು ತುಂಬಿದ್ದ. ರೊದಿಕಾ ಗ್ಲಿಗೊರನಿಗೆ ಗೇರು, ಕ್ಲಚ್ಚು, ಬ್ರೇಕು ಎಂದು ಮೂರು ಸಲ ಹೇಳಿ, ಮೊದಲ ದಿನ ತಾನೇ ಅವನ ಮನೆಯ ತನಕ ಓಡಿಸುತ್ತೇನೆಂದು ಕೂತಳು. ಗ್ಲಿಗೊರ ಹತ್ತಲು ಹೋಗಿ ನಿಂತ.

"ಸಾಫ್ತಕ್ಕಾ, ಆ ಸೀಟು? ಮರದ ಕೆಳಗಿದೆಯಲ್ಲ, ಅದನ್ನೂ ಕೂರಿಸಿಬಿಡ್ಲಾ?"

"ಅದು ಆ ದಾನದಲ್ಲಿ ಸೇರಿಲ್ಲ."

"ಮತ್ತೆ ಅಲ್ಲಿ ಇಲಾರಿಯಣ್ಣನ ಪಕ್ಕದಲ್ಲಿ ಸೀಟೇ ಇರಲ್ವಲ್ಲ!"

"ಇರಬಾರದು. ಇದ್ರೆ ಯಾವಳಾದ್ರೂ ಹತ್ತಿ ಕೂತುಬಿಡ್ತಾಳೆ. ಹಿಟ್ಟಿನ ಗಿರಣಿಗೆ ಕರ್ಕೊಂಡು ಹೋಗು ಅಂತಾಳೆ, ಅವನಿಗೆ ಇಲ್ಲ ಅನ್ನೋಕೆ ಬರಲ್ಲ."

ತಟ್ಟೆ ಎತ್ತುತ್ತಿದ್ದ ಜಾಂಫಿರಾ ಬಾಯಿಗೆ ತೋಳು ಅಡ್ಡ ಹಿಡಿದು ನಕ್ಕಳು.

"ನನ್ನ ಹೆಸರಲ್ಲಿ ಕೊಡೋ ದಿನ ಬರುತ್ತಲ್ಲ," ಎಂದಳು ಸಾಫ್ತಾ. "ಅವತ್ತು ಆ ಸೀಟು ಕೊಡ್ತಾರೆ. ಅವತ್ತು ನನ್ನ ಮೇಲಕ್ಕೆ ಕರ್ಕೊಂಡು ಹೋಗೋವಾಗ ನಿನಗೂ ಆ ಜಾಗ ಖಾಲಿನೇ ಬೇಕಲ್ಲ. ಹೋಗೀಗ."

ಗ್ಲಿಗೊರ ಪೆಟ್ಟಿಗೆ ಇದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಎದುರಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಜೀಪು ಗೇಟು ದಾಟಿತು.

ಸಾಫ್ತಾ ಪ್ಲಮ್ ಮರದ ಕೆಳಗೆ ಹೋಗಿ ಆ ಸೀಟಿನ ಮೇಲೆ ಕೂತಳು. ಸ್ಪ್ರಿಂಗು ಅವಳ ಭಾರವನ್ನು ಗುರುತು ಹಿಡಿದು ಎಂದಿನಂತೆ ಎಡಕ್ಕೆ ವಾಲಿತು. ಬಲಗೈ ತಾನಾಗಿ ಮುಂದೆ ಚಾಚಿ, ಅಲ್ಲಿ ಏನೂ ಇಲ್ಲದೆ, ಮಡಿಲಿಗೆ ಬಂತು. ಜೀಪು ಮನೆಯ ಮುಂದಿನ ಇಳಿಜಾರಿಗೆ ಬರುತ್ತಿತ್ತು. ಅವಳು ಉಸಿರು ಹಿಡಿದು ಕಾದಳು, ಇಷ್ಟು ವರ್ಷ ಕಾದ ಹಾಗೆ, ಎಂಜಿನ್ ಆರುವುದನ್ನು.

ಆರಲಿಲ್ಲ. ಹಳ್ಳದ ಸದ್ದಿನ ಜೊತೆ ಹೊಲಿದುಕೊಂಡು, ಇಳಿಜಾರಿನುದ್ದಕ್ಕೂ, ಕೆಳಗಿನ ಸೇತುವೆಯ ತನಕ ಕೇಳಿಸುತ್ತಲೇ ಇತ್ತು.